ಎಲೆಯ ಹೆಸರಿನ ಔಷಧ

ನಮ್ಮ ಊರುಗಳ ಔಷಧದಂಗಡಿಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಸರಕೊಂದು ಕಪಾಟುಗಳನ್ನು ತುಂಬಿಕೊಂಡಿದೆ. ಮೀನೆಣ್ಣೆಯ ಗುಳಿಗೆ, ಅರಿಸಿನದ ಸಾರ, ಪಾಚಿಯ ಪುಡಿ, ನಾನಾ ಜೀವಸತ್ತ್ವಗಳ ಮಾತ್ರೆ: ಇವು ಪೂರ್ತಿಯಾಗಿ ಔಷಧವೂ ಅಲ್ಲ, ಪೂರ್ತಿಯಾಗಿ ಆಹಾರವೂ ಅಲ್ಲ. ಇವನ್ನು ಕೊಳ್ಳುವವರಲ್ಲಿ ಹೆಚ್ಚಿನವರು ರೋಗಿಗಳೂ ಅಲ್ಲ. ೧೯೮೯ರಲ್ಲಿ ಅಮೆರಿಕದ ವೈದ್ಯ ಸ್ಟೀಫನ್ ಡಿಫೆಲಿಸ್ ಎಂಬುವರು ಪೋಷಣೆ, ಔಷಧ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳನ್ನು ಬೆಸೆದು 'ನ್ಯೂಟ್ರಸೂಟಿಕಲ್' ಎಂಬ ಹೆಸರನ್ನು ಟಂಕಿಸಿದರು. ನಮ್ಮ ದೇಶದಲ್ಲಿ ಇಂಥ ಪದಾರ್ಥಗಳಿಗೆಂದೇ ಪ್ರತ್ಯೇಕ ನಿಯಮಾವಳಿ ೨೦೧೬ರಲ್ಲಿ ಹೊರಬಂತು. ಹೆಸರು ಹೊಸದು, ಕಾನೂನೂ ಹೊಸದು. ಆದರೆ ಆಹಾರದಲ್ಲಿ ಅಡಗಿರುವ ಸತ್ತ್ವವೊಂದನ್ನು ಬೇರ್ಪಡಿಸಿ ಗುಳಿಗೆಯಾಗಿ ಕೊಡುವ ವಿದ್ಯೆ ಅಷ್ಟೇನೂ ಹೊಸದಲ್ಲ. ಅದಕ್ಕೊಂದು ಇತಿಹಾಸವಿದೆ. ಆ ಇತಿಹಾಸದಲ್ಲಿ ನಮ್ಮ ದೇಶದ ಪಾಲು ನಾವು ತಿಳಿದುಕೊಂಡಿರುವುದಕ್ಕಿಂತ ದೊಡ್ಡದು.

ಈ ಹೊತ್ತು ನಾನು ಹೇಳಹೊರಟಿರುವುದು ಅವುಗಳಲ್ಲಿ ಒಂದೇ ಒಂದರ ಕಥೆ. ಅದರ ಹೆಸರು ಫೋಲಿಕ್ ಆಮ್ಲ. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಂದು ಇಂಥ ಪದಾರ್ಥಗಳ ಜಾಹೀರಾತುಗಳಲ್ಲಿ ಕಾಣುವುದು ತುಂಬಿದ ಮನೆಯವರ ನಗುಮುಖ. ಫೋಲಿಕ್ ಆಮ್ಲದ ಕಥೆ ಮೊದಲಾಗುವುದು ಮುಂಬಯಿಯ ಬಟ್ಟೆಗಿರಣಿಗಳ ಸುತ್ತಣ ಕೇರಿಗಳಲ್ಲಿ, ಹೆರಿಗೆಗೆ ಮುನ್ನವೇ ರಕ್ತ ಬತ್ತಿ ಸಾಯುತ್ತಿದ್ದ ಬಡ ಹೆಂಗಸರ ಹಾಸಿಗೆಯ ಪಕ್ಕದಲ್ಲಿ.

ಕಥೆಗೆ ಮೊದಲು ಅದರ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಪಾಶ್ಚಾತ್ಯ ವೈದ್ಯಶಾಸ್ತ್ರ ರೋಗಾಣುಗಳ ಸಿದ್ಧಾಂತದಿಂದ ಪ್ರಭಾವಿತವಾಗಿತ್ತು. ರೋಗವೆಂದರೆ ಹೊರಗಿನಿಂದ ಒಳಹೊಕ್ಕ ಏನೋ ಒಂದು. ಅದನ್ನು ಹುಡುಕಬೇಕು, ಕೊಲ್ಲಬೇಕು. ಜಾವಾ ದ್ವೀಪದಲ್ಲಿ ಬೆರಿಬೆರಿ ರೋಗದ ರೋಗಾಣುವನ್ನು ಹುಡುಕುತ್ತಿದ್ದ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ ತೌಡುಳ್ಳ ಅಕ್ಕಿಯನ್ನು ತಿಂದವು ಚೇತರಿಸಿಕೊಳ್ಳುವುದನ್ನೂ ಕಂಡ. ಹೀಗೆ, ಏನೋ ಇರುವುದರಿಂದ ಮಾತ್ರವಲ್ಲ, ಏನೋ ಇಲ್ಲದಿರುವುದರಿಂದಲೂ ಮನುಷ್ಯ ಸಾಯಬಹುದೆಂಬ ವಿಚಾರ ಮೆಲ್ಲಮೆಲ್ಲನೆ ಬೇರೂರಿತು. ೧೯೧೨ರಲ್ಲಿ ಕಾಸಿಮಿರ್ ಫಂಕ್ ಈ 'ಇಲ್ಲದ' ವಸ್ತುವಿಗೆ 'ವಿಟಮಿನ್' ಎಂದು ಹೆಸರಿಟ್ಟ. ನಮ್ಮ ಹಳೆಯ ಪಠ್ಯಪುಸ್ತಕಗಳು ಇದನ್ನು 'ಅನ್ನಾಂಗ' ಎಂದು ಕರೆದವು. ನನಗೆ ಆ ಮಾತೇ ಹೆಚ್ಚು ಇಷ್ಟ. ಅನ್ನದ ಅಂಗ, ಅನ್ನದಿಂದ ಬೇರೆಯಲ್ಲ ಎಂಬ ಅರ್ಥ ಅದರಲ್ಲಿದೆ.

ಈಗ ನಮ್ಮ ಕಥೆಯ ನಾಯಕಿಯ ಕಡೆ ಬರೋಣ. ಲೂಸಿ ವಿಲ್ಸ್ ಹುಟ್ಟಿದ್ದು ೧೮೮೮ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಬಳಿಯ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ. ಕೇಂಬ್ರಿಜ್‌ನ ನ್ಯೂನ್‌ಹ್ಯಾಂ ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಭೂವಿಜ್ಞಾನಗಳನ್ನು ಓದಿ ೧೯೧೧ರಲ್ಲಿ ಪರೀಕ್ಷೆ ಮುಗಿಸಿದಳು. ಪರೀಕ್ಷೆ ಮುಗಿಸಿದಳೆನ್ನಬೇಕೇ ಹೊರತು ಪದವಿ ಪಡೆದಳೆನ್ನುವಂತಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾನಿಲಯ ಹೆಂಗಸರಿಗೆ ಪೂರ್ಣ ಪದವಿ ಕೊಡಲು ೧೯೪೮ರವರೆಗೆ ಮನಸ್ಸು ಮಾಡಲಿಲ್ಲ. ಆಮೇಲೆ ಆಕೆ ಲಂಡನ್ನಿನ ಮಹಿಳಾ ವೈದ್ಯ ವಿದ್ಯಾಲಯವನ್ನು ಸೇರಿ ೧೯೨೦ರಲ್ಲಿ ವೈದ್ಯೆಯಾದಳು. ರೋಗಿಗಳನ್ನು ನೋಡಿ ಹಣ ಗಳಿಸುವುದರ ಬದಲು ರಾಯಲ್ ಫ್ರೀ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಂಶೋಧನೆಗೆ ನಿಂತಳು. ಮದುವೆಯಾಗಲಿಲ್ಲ. ಎಲೆ, ಬೇರುಗಳ ಶಾಸ್ತ್ರದಿಂದ ಆರಂಭವಾದ ಓದು ಮನುಷ್ಯರ ರಕ್ತದ ಅಭ್ಯಾಸಕ್ಕೆ ತಿರುಗಿದ್ದು ಹೀಗೆ.

೧೯೨೮ರಲ್ಲಿ ಆಕೆ ಭಾರತಕ್ಕೆ ಬಂದಳು. ಆಗ ನಮ್ಮಲ್ಲಿ ಬಾಣಂತಿಯರ, ಗರ್ಭಿಣಿಯರ ಮರಣದ ಕಾರಣಗಳನ್ನು ಕುರಿತು ವಿಚಾರಣೆಯೊಂದು ನಡೆದಿತ್ತು. ಡಾಕ್ಟರ್ ಮಾರ್ಗರೆಟ್ ಬಾಲ್ಫೋರ್ ಇದರ ಹಿಂದಿನ ಶಕ್ತಿ. ವಿಲ್ಸ್ ಕೆಲಸಕ್ಕೆ ಕೂತದ್ದು ಮುಂಬಯಿಯ ಪರೇಲ್‌ನ ಹಾಫ್‌ಕಿನ್ ಸಂಸ್ಥೆಯಲ್ಲಿ. ಒಂದು ಕಾಲಕ್ಕೆ ಗವರ್ನರರ ಬಂಗಲೆಯಾಗಿದ್ದ ಆ ಕಟ್ಟಡ ಪ್ಲೇಗಿನ ಲಸಿಕೆ ತಯಾರಿಸುವ ಪ್ರಯೋಗಾಲಯವಾಗಿ ಹೆಸರಾಗಿತ್ತು. ಅದರ ಸುತ್ತಲೇ ಬಟ್ಟೆಗಿರಣಿಗಳು, ಗಿರಣಿಗಳ ಸುತ್ತಲೇ ಚಾಳುಗಳು.

ಆ ಕೇರಿಗಳ ಗರ್ಭಿಣಿಯರಲ್ಲಿ ಒಂದು ಬಗೆಯ ಘೋರ ರಕ್ತಹೀನತೆ ಕಾಣಿಸಿಕೊಳ್ಳುತ್ತಿತ್ತು. ಸಾಮಾನ್ಯವಾದ ರಕ್ತಹೀನತೆಯಲ್ಲಿ, ಎಂದರೆ ಕಬ್ಬಿಣದ ಅಂಶ ಕಡಿಮೆಯಾದಾಗ, ರಕ್ತದ ಕೆಂಪುಕಣಗಳು ಚಿಕ್ಕವಾಗಿ, ಬಿಳಿಚಿಕೊಂಡಿರುತ್ತವೆ. ಇಲ್ಲಿ ಹಾಗಲ್ಲ. ಕಣಗಳ ಸಂಖ್ಯೆ ಇಳಿದುಹೋಗಿದೆ. ಆದರೆ ಉಳಿದ ಒಂದೊಂದು ಕಣವೂ ವಾಡಿಕೆಗಿಂತ ದೊಡ್ಡದು. ಕಾಲು ಬಾತು, ಏದುಸಿರು ಹತ್ತಿ, ನಾಲಗೆ ಹುಣ್ಣಾಗಿ, ಹೆರುವ ಶಕ್ತಿಯೇ ಉಡುಗಿ ಎಷ್ಟೋ ಮಂದಿ ತೀರಿಕೊಳ್ಳುತ್ತಿದ್ದರು. ಆಗ ತಿಳಿದಿದ್ದ ರೋಗಗಳಲ್ಲಿ ಇದನ್ನು ಹೋಲುತ್ತಿದ್ದುದು ಪರ್ನೀಷಸ್ ಅನೀಮಿಯಾ. ಅದಕ್ಕೆ ಬಾಸ್ಟನ್ ನಗರದ ಮೈನಟ್ ಮತ್ತು ಮರ್ಫಿ ಎಂಬ ವೈದ್ಯರು ೧೯೨೬ರಲ್ಲಷ್ಟೇ ಮದ್ದನ್ನು ಕಂಡುಹಿಡಿದಿದ್ದರು: ದಿನವೂ ಯಥೇಚ್ಛವಾಗಿ ಪ್ರಾಣಿಗಳ ಯಕೃತ್ತನ್ನು ತಿನ್ನಿಸುವುದು. ಮುಂಬಯಿಯ ಬಡ ಹೆಂಗಸಿಗೆ ಯಕೃತ್ತೆಲ್ಲಿ, ಅದಕ್ಕೆ ಹಣವೆಲ್ಲಿ? ತಿನ್ನಲು ಮನಸ್ಸೊಪ್ಪದವರ ಮಾತಂತೂ ಬೇರೆಯೇ.

ವಿಲ್ಸ್ ಮಾಡಿದ ಮೊದಲ ಕೆಲಸ ಈ ಇತಿಹಾಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುತ್ತದೆ. ಸೂಕ್ಷ್ಮದರ್ಶಕದ ಕೆಲಸ ನಡೆಯುತ್ತಿದ್ದಂತೆಯೇ ಆಕೆ ರೋಗಿಗಳ ಮನೆಯ ಅಡುಗೆಯ ಕಡೆಗೂ ನೋಡಿದಳು. ಮುಂಬಯಿಯ ಹೆಂಗಸರು ಏನು ತಿನ್ನುತ್ತಾರೆ, ಹೇಗೆ ಬಾಳುತ್ತಾರೆ ಎಂಬುದರ ಸಮೀಕ್ಷೆಯನ್ನು ತಲ್ಪಡೆ ಎಂಬ ಸಹೋದ್ಯೋಗಿಯೊಡನೆ ೧೯೩೦ರಲ್ಲಿ ಪ್ರಕಟಿಸಿದಳು. ಬೇರೆ ಬೇರೆ ವರ್ಗಗಳ, ಸಮುದಾಯಗಳ ಊಟವನ್ನು ಹೋಲಿಸಿ ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಯಾರ ತಟ್ಟೆಯಲ್ಲಿ ಸೊಪ್ಪು, ಹಣ್ಣು, ಬೇಳೆಕಾಳು, ಹಾಲು ಅತಿ ಕಡಿಮೆಯೋ ಅವರಲ್ಲೇ ಈ ರೋಗ ಅತಿ ಹೆಚ್ಚು. ಬಡ ಮುಸಲ್ಮಾನ ಹೆಂಗಸರು ಈ ಪಟ್ಟಿಯ ತುದಿಯಲ್ಲಿದ್ದರು. ರೋಗ ಜಾತಿಯನ್ನು ನೋಡಿ ಬರುತ್ತಿರಲಿಲ್ಲ, ತಟ್ಟೆಯನ್ನು ನೋಡಿ ಬರುತ್ತಿತ್ತು.

ಇದು ಅನುಮಾನ, ಇದನ್ನು ಸಿದ್ಧಮಾಡಿ ತೋರಿಸಬೇಕಾಗಿತ್ತು. ಅದಕ್ಕಾಗಿ ಆಕೆ ೧೯೨೯ರಲ್ಲಿ ನೀಲಗಿರಿಯ ಕೂನೂರಿಗೆ ಹೋದಳು. ಅಲ್ಲಿಯ ಪಾಸ್ತರ್ ಸಂಸ್ಥೆಯ ಆವರಣದಲ್ಲಿ ರಾಬರ್ಟ್ ಮೆಕ್ಯಾರಿಸನ್ ೧೯೧೮ರಲ್ಲಿ ಒಂದೇ ಕೋಣೆಯಲ್ಲಿ ಶುರುಮಾಡಿದ್ದ ಬೆರಿಬೆರಿ ವಿಚಾರಣೆ ಆ ವೇಳೆಗೆ ಆಹಾರ ಸಂಶೋಧನಾಲಯವಾಗಿ ಬೆಳೆದಿತ್ತು. ಅದೇ ಮುಂದೆ ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ೧೯೬೯ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರನ್ನು ಪಡೆಯಿತು. ಕೂನೂರಿನಲ್ಲಿ ವಿಲ್ಸ್ ಮುಂಬಯಿಯ ಬಡವರ ಊಟವನ್ನೇ ಇಲಿಗಳಿಗೆ ಹಾಕಿ ನೋಡಿದಳು. ಬಸುರಾದ ಇಲಿಗಳು ರಕ್ತಹೀನವಾಗಿ ಹೆರುವ ಮುನ್ನವೇ ಸತ್ತವು. ಯೀಸ್ಟನ್ನು ಸೇರಿಸಿಕೊಟ್ಟರೆ ಬದುಕಿದವು. ಗೆಲುವು ಕೈಗೆ ಬಂತೆನ್ನುವಷ್ಟರಲ್ಲಿ, ಆ ಇಲಿಗಳ ರಕ್ತಹೀನತೆಗೆ ಹೇನುಗಳಿಂದ ಹರಡುವ ಒಂದು ಸೋಂಕೂ ಕಾರಣವಾಗಿತ್ತೆಂದು ಗೊತ್ತಾಗಿ ಆ ಸಾಕ್ಷ್ಯ ಬಿದ್ದುಹೋಯಿತು. ಆಕೆ ಕೈಚೆಲ್ಲಲಿಲ್ಲ. ಇಲಿಗಳನ್ನು ಬಿಟ್ಟು ಕೋತಿಗಳ ಮೇಲೆ ಪ್ರಯೋಗ ನಡೆಸಿದಳು. ಅದೇ ಊಟವನ್ನು ತಿಂದ ಕೋತಿಗಳಲ್ಲಿ ಅದೇ ದೊಡ್ಡ ಕಣಗಳ ರಕ್ತಹೀನತೆ ಕಾಣಿಸಿತು. ಯೀಸ್ಟಿನ ಸಾರ ಅದನ್ನು ಗುಣಪಡಿಸಿತು.

ಆ ಯೀಸ್ಟಿನ ಸಾರ ಯಾವುದು? ಇಂಗ್ಲಿಷರ ಮನೆಗಳಲ್ಲಿ ಬೆಳಗಿನ ರೊಟ್ಟಿಗೆ ಸವರಿಕೊಳ್ಳುವ 'ಮಾರ್ಮೈಟ್' ಎಂಬ ಕಂದುಬಣ್ಣದ, ಉಪ್ಪುಪ್ಪಾದ ಲೇಹ್ಯದಂಥ ಪದಾರ್ಥ. ಬಿಯರ್ ತಯಾರಿಕೆಯಲ್ಲಿ ಪೀಪಾಯಿಯ ತಳದಲ್ಲಿ ಉಳಿಯುವ ಯೀಸ್ಟಿನ ಗಷ್ಟನ್ನು ಸಾರವಾಗಿಸಬಹುದೆಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಹಿಂದೆಯೇ ತೋರಿಸಿದ್ದ. ೧೯೦೨ರಲ್ಲಿ ಇಂಗ್ಲೆಂಡಿನ ಬರ್ಟನ್ ಎಂಬ ಊರಿನಲ್ಲಿ ಅಲ್ಲಿಯ ಬಿಯರ್ ಕಾರ್ಖಾನೆಯಿಂದ ಬಿಸಾಡುವ ಯೀಸ್ಟನ್ನು ಕೊಂಡು ಅದನ್ನು ತಯಾರಿಸುವ ಕಂಪನಿಯೊಂದು ಹುಟ್ಟಿತು. ಫ್ರೆಂಚರ ಅಡುಗೆಯ ಮಡಕೆಯ ಹೆಸರೇ ಅದಕ್ಕೂ ಬಂತು. ಸಾಯುತ್ತಿದ್ದ ತಾಯಂದಿರಿಗೆ ಸಂಜೀವಿನಿಯಾದದ್ದು ದೂರದೇಶದ ಕಾರ್ಖಾನೆಯೊಂದು ಕಸವೆಂದು ಬಗೆದಿದ್ದ ವಸ್ತು.

ವಿಲ್ಸ್ ಇದನ್ನು ಮುಂಬಯಿಯ ರೋಗಿಗಳಿಗೆ ಕೊಟ್ಟಳು. ಫಲ ಬೇಗನೆ ಕಂಡಿತು. ಕೆಲವೇ ದಿನಗಳಲ್ಲಿ ಹೊಸ ಕೆಂಪುಕಣಗಳು ರಕ್ತದಲ್ಲಿ ಕಾಣಿಸಿಕೊಂಡವು, ರೋಗಿಗಳಿಗೆ ಹಸಿವು ಮರಳಿತು, ಮುಖಕ್ಕೆ ಬಣ್ಣ ಬಂತು. ೧೯೩೧ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವಳ ಲೇಖನ ಅಚ್ಚಾಯಿತು. ಅದೇ ವರ್ಷ ಮದರಾಸಿನ ಗೋಷಾ ಆಸ್ಪತ್ರೆಯಲ್ಲಿಯೂ ಆಕೆ ಕೆಲಸಮಾಡಿದಳು. ಮದ್ದು ಅಗ್ಗವಾಗಿತ್ತು, ಬಾಯಲ್ಲಿ ಕೊಡುವಂಥದಾಗಿತ್ತು, ಮಾಂಸವನ್ನು ಮುಟ್ಟದವರೂ ತೆಗೆದುಕೊಳ್ಳಬಹುದಾಗಿತ್ತು. ಆದರೆ ಅದರಲ್ಲಿದ್ದ ಗುಣಕಾರಿ ವಸ್ತು ಯಾವುದೆಂದು ಯಾರಿಗೂ ತಿಳಿಯದು. ಆದ್ದರಿಂದ ವೈದ್ಯಲೋಕ ಅದನ್ನು 'ವಿಲ್ಸ್ ಅಂಶ' ಎಂದು ಕರೆಯಿತು. ಪರ್ನೀಷಸ್ ಅನೀಮಿಯಾದಲ್ಲಿ ಗುಣ ಕೊಡುತ್ತಿದ್ದ ಶುದ್ಧೀಕರಿಸಿದ ಯಕೃತ್ತಿನ ಸಾರ ಈ ರೋಗದಲ್ಲಿ ಕೆಲಸಕ್ಕೆ ಬಾರದೆಂದೂ, ಒರಟಾದ ಯಕೃತ್ತಿನ ಸಾರದಿಂದ ಗುಣವಾಗುವುದೆಂದೂ ಆಕೆಯೇ ಮುಂದೆ ತೋರಿಸಿದಳು. ಎಂದರೆ, ಒಂದೇ ರೀತಿ ತೋರುವ ಎರಡು ರೋಗಗಳಿಗೆ ಎರಡು ಬೇರೆ ಬೇರೆ ಕೊರತೆಗಳು ಕಾರಣ. ಈ ಮಾತು ನೆನಪಿನಲ್ಲಿರಲಿ. ಮುಂದೆ ಇದರ ಬೆಲೆ ತಿಳಿಯುತ್ತದೆ.

ಆ ಅಂಶವನ್ನು ಶುದ್ಧರೂಪದಲ್ಲಿ ಹಿಡಿಯುವ ಬೇಟೆ ಒಂದು ದಶಕ ನಡೆಯಿತು. ೧೯೪೧ರಲ್ಲಿ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾನಿಲಯದಲ್ಲಿ ಮಿಚೆಲ್, ಸ್ನೆಲ್ ಮತ್ತು ವಿಲಿಯಮ್ಸ್ ಎಂಬ ಮೂವರು ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಅರೆದು, ಸೋಸಿ, ಅದರಿಂದ ಸ್ವಲ್ಪವೇ ಸ್ವಲ್ಪ ಸತ್ತ್ವವನ್ನು ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ 'ಫೋಲಿಯಂ' ಎಂದರೆ ಎಲೆ. ಸೊಪ್ಪಿನಿಂದ ಬಂದ ಆಮ್ಲಕ್ಕೆ ಅವರು ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಯೀಸ್ಟಿನಲ್ಲಿ, ಯಕೃತ್ತಿನಲ್ಲಿ ಇದ್ದ ಗುಣಕಾರಿ ವಸ್ತುವೂ ಇದರ ಬಳಗದ್ದೇ ಎಂದು ಸ್ಥಿರಪಟ್ಟಿತು.

ನಾಲ್ಕು ಟನ್ ಸೊಪ್ಪು ಅರೆದರೆ ಚಿಟಿಕೆಯಷ್ಟು ಸಿಗುವ ವಸ್ತುವಿನಿಂದ ಲೋಕದ ರೋಗಿಗಳಿಗೆ ಮದ್ದು ಒದಗುವುದಿಲ್ಲ. ಅದನ್ನು ಪ್ರಯೋಗಾಲಯದಲ್ಲಿ ಕೂಡಿಸಿ ತಯಾರಿಸಬೇಕು. ಇಲ್ಲಿ ಕಥೆಯೊಳಕ್ಕೆ ನಮ್ಮವನೇ ಆದ ಇನ್ನೊಬ್ಬ ಬರುತ್ತಾನೆ. ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು ೧೮೯೫ರಲ್ಲಿ, ಆಂಧ್ರದ ಭೀಮವರಂನಲ್ಲಿ. ಬಡತನದ ಮನೆ. ಅಣ್ಣ 'ಸ್ಪ್ರೂ' ಎಂಬ ರೋಗದಿಂದ ತೀರಿಕೊಂಡ. ಇದು ಕರುಳು ಆಹಾರದ ಸತ್ತ್ವವನ್ನು ಹೀರಿಕೊಳ್ಳದೆ, ಭೇದಿ ಹತ್ತಿ, ರಕ್ತ ಬತ್ತಿ ಸಾಯಿಸುವ ಉಷ್ಣದೇಶದ ರೋಗ. ಸುಬ್ಬರಾವ್ ಮದರಾಸ್ ವೈದ್ಯ ಕಾಲೇಜಿನಲ್ಲಿ ಓದುವಾಗ ಗಾಂಧಿಯವರ ಕರೆಗೆ ಓಗೊಟ್ಟು ಖಾದಿಯ ಉಡುಪನ್ನು ತೊಟ್ಟ. ಇದು ಆಂಗ್ಲ ಪ್ರಾಧ್ಯಾಪಕನ ಕಣ್ಣು ಕೆಂಪಾಗಿಸಿ, ಅವನಿಗೆ ದಕ್ಕಿದ್ದು ಪೂರ್ಣ ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ. ಕೆಲಕಾಲ ಮದರಾಸಿನಲ್ಲಿ ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿದ. ೧೯೨೩ರಲ್ಲಿ ಬಾಸ್ಟನ್ನಿಗೆ ಹೊರಟ. ಮತ್ತೆ ತಾಯ್ನಾಡಿಗೆ ಹಿಂದಿರುಗಲೇ ಇಲ್ಲ.

ಒಂದು ಕಡೆ ಕೇಂಬ್ರಿಜ್‌ನಲ್ಲಿ ಓದಿಯೂ ಪದವಿ ಪಡೆಯದ ಹೆಣ್ಣು, ಇನ್ನೊಂದು ಕಡೆ ಮದರಾಸಿನಲ್ಲಿ ಓದಿಯೂ ಪೂರ್ಣ ಪದವಿ ಪಡೆಯದ ಗುಲಾಮ ದೇಶದ ಹುಡುಗ. ಒಂದೇ ಸಾಮ್ರಾಜ್ಯದ ಎರಡು ಹೊಸಿಲುಗಳ ಹೊರಗೆ ನಿಂತಿದ್ದ ಈ ಇಬ್ಬರು ಒಂದೇ ಔಷಧದ ಎರಡು ಕೊನೆಗಳನ್ನು ಹಿಡಿದರೆಂಬುದು ಚರಿತ್ರೆಯ ಆಕಸ್ಮಿಕವಿರಬಹುದು. ಆದರೂ ನನಗೆ ಇದು ಮರೆಯುವಂಥ ಸಂಗತಿಯಲ್ಲ.

ಹಾರ್ವರ್ಡ್‌ನಲ್ಲಿ ಸುಬ್ಬರಾವ್ ರಕ್ತದಲ್ಲಿ, ಮೂತ್ರದಲ್ಲಿ ರಂಜಕವನ್ನು ಅಳೆಯುವ ವಿಧಾನವನ್ನು ಫಿಸ್ಕ್ ಎಂಬಾತನೊಡನೆ ರೂಪಿಸಿದ. ೧೯೨೫ರಲ್ಲಿ ಪ್ರಕಟವಾದ ಆ ವಿಧಾನ ಇಂದಿಗೂ ಇಬ್ಬರ ಹೆಸರಿನಲ್ಲೇ ಇದೆ. ೧೯೪೦ರಲ್ಲಿ ಆತ ಲೆಡರ್ಲೆ ಎಂಬ ಔಷಧ ಕಂಪನಿಯ ಸಂಶೋಧನಾಲಯವನ್ನು ಸೇರಿದ. ಆತನ ಮಾರ್ಗದರ್ಶನದಲ್ಲಿ ದುಡಿದ ವಿಜ್ಞಾನಿಗಳ ತಂಡ ೧೯೪೫ರಲ್ಲಿ ಫೋಲಿಕ್ ಆಮ್ಲವನ್ನು ರಾಸಾಯನಿಕವಾಗಿ ಕೂಡಿಸುವುದರಲ್ಲಿ ಗೆದ್ದಿತು. ಅದೇ ವರ್ಷ ಅಮೆರಿಕದ ವೈದ್ಯ ಟಾಮ್ ಸ್ಪೀಸ್ ದೊಡ್ಡ ಕಣಗಳ ರಕ್ತಹೀನತೆಯಿಂದ ನರಳುತ್ತಿದ್ದವರಿಗೆ ಅದನ್ನು ಕೊಟ್ಟು ಗುಣ ಕಂಡ. ಸ್ಪ್ರೂ ರೋಗಿಗಳೂ ಚೇತರಿಸಿಕೊಂಡರು. ಅಣ್ಣನನ್ನು ಬಲಿತೆಗೆದುಕೊಂಡ ರೋಗಕ್ಕೆ ತಮ್ಮನ ಪ್ರಯೋಗಾಲಯದಿಂದ ಮದ್ದು ಬಂತು. ಬರುವ ವೇಳೆಗೆ ಎರಡು ದಶಕಗಳು ಕಳೆದಿದ್ದವು.

ಈ ಆಮ್ಲ ದೇಹದಲ್ಲಿ ಮಾಡುವ ಕೆಲಸವೇನು? ನಮ್ಮ ದೇಹದ ಯಾವುದೇ ಜೀವಕೋಶ ಎರಡಾಗಬೇಕಾದರೆ ಮೊದಲು ತನ್ನೊಳಗಿನ ಆನುವಂಶಿಕ ದ್ರವ್ಯದ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿಕೊಳ್ಳಬೇಕು. ಆ ಬರವಣಿಗೆಗೆ ಬೇಕಾದ ಅಕ್ಷರಗಳನ್ನು ತಯಾರಿಸುವಲ್ಲಿ ಫೋಲಿಕ್ ಆಮ್ಲದ ಬಳಗ ಬೇಕೇಬೇಕು. ಅದಿಲ್ಲದಿದ್ದರೆ ಕೋಶ ಬೆಳೆಯುತ್ತದೆ, ಒಡೆದು ಎರಡಾಗಲಾರದು. ಮೂಳೆಯ ಮಜ್ಜೆಯಲ್ಲಿ ಎಡೆಬಿಡದೆ ಹುಟ್ಟುತ್ತಿರಬೇಕಾದ ಕೆಂಪುಕಣಗಳು ಅದರಿಂದಲೇ ಸಂಖ್ಯೆಯಲ್ಲಿ ಕಡಿಮೆಯಾಗಿ ಗಾತ್ರದಲ್ಲಿ ದೊಡ್ಡವಾಗುತ್ತವೆ. ಗರ್ಭದಲ್ಲಿ ಇನ್ನೊಂದು ಜೀವ ಕ್ಷಣಕ್ಷಣಕ್ಕೂ ಕೋಶ ಕೋಶವಾಗಿ ಬೆಳೆಯುತ್ತಿರುವಾಗ ತಾಯಿಯ ಅಗತ್ಯ ಹೆಚ್ಚುತ್ತದೆ. ಮುಂಬಯಿಯ ಆ ಹೆಂಗಸರ ದೇಹ ತನ್ನಲ್ಲಿದ್ದ ಸ್ವಲ್ಪವನ್ನೂ ಮಗುವಿಗೆ ತೆತ್ತು ಬರಿದಾಗುತ್ತಿತ್ತು.

ಕೋಶಗಳು ಹೆಚ್ಚಲು ಇದು ಬೇಕೆಂದ ಮೇಲೆ, ಅಡ್ಡಾದಿಡ್ಡಿಯಾಗಿ ಹೆಚ್ಚುವ ಕೋಶಗಳಿಗೆ ಇದನ್ನು ದಕ್ಕದಂತೆ ಮಾಡಿದರೆ? ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯ ರಕ್ತದ ಕ್ಯಾನ್ಸರಿನಿಂದ ಸಾಯುತ್ತಿದ್ದ ಮಕ್ಕಳ ವಿಷಯದಲ್ಲಿ ಹೀಗೆ ಯೋಚಿಸಿದ. ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲದ ವೇಷ ತೊಟ್ಟು ಅದರ ಕೆಲಸವನ್ನು ಕೆಡಿಸುವ ಅಮಿನಾಪ್ಟೆರಿನ್ ಎಂಬ ವಸ್ತುವನ್ನು ತಯಾರಿಸಿಕೊಟ್ಟಿತು. ೧೯೪೮ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯ ಪ್ರಕಾರ ೧೬ ಮಕ್ಕಳಲ್ಲಿ ೧೦ ಮಂದಿ ಕೆಲಕಾಲ ಚೇತರಿಸಿಕೊಂಡರು. ಆ ಚೇತರಿಕೆ ಉಳಿಯಲಿಲ್ಲ, ನಿಜ. ಆದರೆ ಔಷಧದಿಂದ ಕ್ಯಾನ್ಸರನ್ನು ಹಿಮ್ಮೆಟ್ಟಿಸಬಹುದೆಂಬ ದಾರಿ ಅಲ್ಲಿ ತೆರೆಯಿತು. ಅದೇ ಬಳಗದ ಮೆತೊಟ್ರೆಕ್ಸೇಟ್ ಇಂದೂ ಬಳಕೆಯಲ್ಲಿದೆ. ಸುಬ್ಬರಾವ್ ಅದೇ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು. ೧೯೯೫ರಲ್ಲಿ, ಹುಟ್ಟಿದ ನೂರನೆಯ ವರ್ಷದಲ್ಲಿ, ಭಾರತ ಸರಕಾರ ಅವರ ಅಂಚೆಚೀಟಿ ಹೊರಡಿಸಿತು. ಲೂಸಿ ವಿಲ್ಸ್ ೧೯೬೪ರಲ್ಲಿ ತೀರಿಕೊಂಡಳು.

ಯಾವ ಗುಳಿಗೆಯೂ ಕೇವಲ ಒಳಿತನ್ನೇ ಮಾಡುವುದಿಲ್ಲ. ಫೋಲಿಕ್ ಆಮ್ಲ ಸುಲಭವಾಗಿ ಸಿಗುವಂತಾದಾಗ ವೈದ್ಯರು ಅದನ್ನು ಪರ್ನೀಷಸ್ ಅನೀಮಿಯಾದ ರೋಗಿಗಳಿಗೂ ಕೊಟ್ಟರು. ರಕ್ತ ಸರಿಹೋಯಿತು. ಆದರೆ ಆ ರೋಗಿಗಳ ನರಗಳು ಕೆಡುವುದು ನಿಲ್ಲಲಿಲ್ಲ. ಕಾಲುಗಳು ಜೋಮುಗಟ್ಟಿ, ನಡಿಗೆ ತಪ್ಪಿ, ಹಾಸಿಗೆ ಹಿಡಿಯುವ ಸ್ಥಿತಿಯೂ ಬಂತು. ಅವರಿಗೆ ಕೊರತೆಯಾಗಿದ್ದುದು ಬೇರೊಂದು ಜೀವಸತ್ತ್ವ. ೧೯೪೮ರಲ್ಲಿ ಅದನ್ನು ಬೇರ್ಪಡಿಸಿ ಬಿ-೧೨ ಎಂದು ಕರೆದರು. ಎರಡು ಕೊರತೆಗಳು ಬೇರೆ ಬೇರೆ ಎಂದು ವಿಲ್ಸ್ ಹತ್ತು ವರ್ಷಕ್ಕೂ ಹಿಂದೆಯೇ ತೋರಿಸಿದ್ದನ್ನು ಈ ಅನುಭವ ಕಹಿಯಾಗಿ ಸಮರ್ಥಿಸಿತು. ಸೊಪ್ಪುಸದೆ, ಬೇಳೆಗಳಲ್ಲಿ ಬಿ-೧೨ ಇರುವುದಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಸಸ್ಯಾಹಾರಿಗಳು ಹೆಚ್ಚಾಗಿರುವ ನಮ್ಮ ದೇಶದಲ್ಲಿ ಇದು ಪುಸ್ತಕದ ಮಾತಾಗಿ ಉಳಿಯಬಾರದು. ವೈದ್ಯರನ್ನು ಕೇಳದೆ, ರಕ್ತ ತೋರಿಸದೆ, ಸುಸ್ತೆಂದು ಕಂಡ ಕಂಡ ಗುಳಿಗೆಗಳನ್ನು ನುಂಗುವವರು ಒಂದು ಕೊರತೆಯನ್ನು ತುಂಬಿ ಇನ್ನೊಂದನ್ನು ಮುಚ್ಚಿಡುವ ಅಪಾಯ ಇದ್ದೇ ಇದೆ.

ಕಥೆಗೆ ಇನ್ನೊಂದು ಅಧ್ಯಾಯವಿದೆ. ಗರ್ಭ ನಿಂತ ಸುಮಾರು ೨೮ ದಿನಗಳೊಳಗೆ ಭ್ರೂಣದ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳಬೇಕು. ಅದು ಮುಚ್ಚಿಕೊಳ್ಳದಿದ್ದರೆ ಮಗು ಬೆನ್ನು ಸೀಳಿಕೊಂಡು ಹುಟ್ಟುತ್ತದೆ, ಇಲ್ಲವೆ ತಲೆಬುರುಡೆಯೇ ಇಲ್ಲದೆ ಹುಟ್ಟಿ ಸಾಯುತ್ತದೆ. ಇದಕ್ಕೂ ಫೋಲಿಕ್ ಆಮ್ಲದ ಕೊರತೆಗೂ ಸಂಬಂಧವಿರಬಹುದೆಂದು ೧೯೬೦ರ ದಶಕದಲ್ಲಿ ಲಿವರ್‌ಪೂಲಿನ ಹಿಬರ್ಡ್ ಮತ್ತು ಸ್ಮಿದೆಲ್ಸ್ ಸೂಚಿಸಿದರು. ಸಂದೇಹ ತೀರಿದ್ದು ೧೯೯೧ರಲ್ಲಿ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಏಳು ದೇಶಗಳ ೩೩ ಕೇಂದ್ರಗಳಲ್ಲಿ, ಹಿಂದೆ ಇಂಥ ಮಗುವನ್ನು ಹೆತ್ತಿದ್ದ ೧,೮೧೭ ತಾಯಂದಿರ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಫೋಲಿಕ್ ಆಮ್ಲ ನೂರಕ್ಕೆ ೭೨ರಷ್ಟು ರಕ್ಷಣೆ ಕೊಟ್ಟಿತು. ಫಲ ಅಷ್ಟು ಸ್ಪಷ್ಟವಾಗಿದ್ದುದರಿಂದ ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಆದರೆ ಒಂದು ತೊಡಕು. ಬಸುರಾದುದು ಹೆಣ್ಣಿಗೆ ಖಚಿತವಾಗುವ ವೇಳೆಗೆ ಆ ೨೮ ದಿನಗಳು ಬಹುಮಟ್ಟಿಗೆ ಕಳೆದೇ ಹೋಗಿರುತ್ತವೆ. ಆದ್ದರಿಂದಲೇ ಅಮೆರಿಕ ೧೯೯೮ರಿಂದ ಗೋಧಿಹಿಟ್ಟು ಮೊದಲಾದವುಗಳಿಗೆ ಫೋಲಿಕ್ ಆಮ್ಲವನ್ನು ಬೆರೆಸುವುದನ್ನು ಕಡ್ಡಾಯ ಮಾಡಿತು.

ನಮ್ಮ ದೇಶದಲ್ಲಿ ೧೯೭೦ರಲ್ಲಿ ರಕ್ತಹೀನತೆಯನ್ನು ತಡೆಯುವ ರಾಷ್ಟ್ರೀಯ ಯೋಜನೆ ಮೊದಲಾಯಿತು. ಗರ್ಭಿಣಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಸೇರಿದ ಮಾತ್ರೆಗಳನ್ನು ಉಚಿತವಾಗಿ ಹಂಚುವ ಯೋಜನೆ ಅದು. ೨೦೧೮ರಲ್ಲಿ ಅದು 'ಅನೀಮಿಯಾ ಮುಕ್ತ ಭಾರತ' ಎಂಬ ಹೊಸ ರೂಪ ಪಡೆಯಿತು. ಬಸುರಿಯಲ್ಲಿ ೧೮೦ ದಿನ, ಹೆತ್ತ ಮೇಲೆ ೧೮೦ ದಿನ, ದಿನಕ್ಕೊಂದು ಮಾತ್ರೆ. ಮುಂಬಯಿಯಲ್ಲಿ ಕಂಡ ಸತ್ಯ ಹೀಗೆ ಹಳ್ಳಿಹಳ್ಳಿಯ ಆಶಾ ಕಾರ್ಯಕರ್ತೆಯ ಚೀಲವನ್ನು ಸೇರಿತು. ಆದರೆ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ ೫೨ ಮಂದಿ ರಕ್ತಹೀನರೆಂದು ಕಂಡುಬಂತು. ಅರ್ಧ ಶತಮಾನದ ಮಾತ್ರೆಗಳ ನಂತರದ ಲೆಕ್ಕ ಇದು. ಕಾರಣಗಳು ಹಲವು: ಮಾತ್ರೆ ನುಂಗಿದರೆ ಬರುವ ಹೊಟ್ಟೆತೊಳಸು, ಮಲ ಕಪ್ಪಾಗುವುದರಿಂದ ಹುಟ್ಟುವ ಅಂಜಿಕೆ, ಹೊಟ್ಟೆಯ ಹುಳು, ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವ ವಾಡಿಕೆ. ಮಾತ್ರೆ ಮನೆಯವರೆಗೆ ಹೋಗುತ್ತದೆ. ಎಷ್ಟೋ ಸಲ ಬಾಯಿಯವರೆಗೆ ಹೋಗುವುದಿಲ್ಲ.

ಕರ್ನಾಟಕದಲ್ಲಿ ೨೦೧೭ರ ಅಕ್ಟೋಬರ್ ೨ರಂದು ಆರಂಭವಾದ 'ಮಾತೃಪೂರ್ಣ' ಯೋಜನೆ ಈ ದೃಷ್ಟಿಯಿಂದ ಗಮನಾರ್ಹ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನ ಬಿಸಿಯೂಟ ಬಡಿಸಿ, ಊಟದೊಡನೆ ಅಲ್ಲಿಯೇ ಮಾತ್ರೆಯನ್ನೂ ನುಂಗಿಸುವುದು ಅದರ ಕ್ರಮ. ತಟ್ಟೆಯನ್ನೂ ಗುಳಿಗೆಯನ್ನೂ ಒಂದೆಡೆ ತಂದ ಆ ಯೋಚನೆಯಲ್ಲಿ ವಿಲ್ಸ್ ಮಾಡಿದ ಸಮೀಕ್ಷೆಯ ನೆರಳು ನನಗೆ ಕಾಣುತ್ತದೆ.

ಕೆಲವರು ಕೇಳಬಹುದು: ನಮ್ಮ ಅಡುಗೆಮನೆಯಲ್ಲಿ ಸೊಪ್ಪುಗಳಿಗೆ ಕೊರತೆಯೇ? ದಂಟು, ಹರಿವೆ, ಮೆಂತ್ಯ, ನುಗ್ಗೆ. ಜೊತೆಗೆ ಕಡಲೆ, ಹೆಸರು, ಅಲಸಂದೆ. ಇವೆಲ್ಲ ಈ ಅಂಶದ ಆಗರಗಳೇ. ನಿಜ. ಆದರೆ ಇದು ಬಹಳ ನಾಜೂಕಿನ ಸತ್ತ್ವ. ಸೊಪ್ಪು ಬಾಡಿದರೆ, ಹೆಚ್ಚು ಹೊತ್ತು ಕುದಿದರೆ ನಾಶವಾಗುತ್ತದೆ. ನೀರಿನಲ್ಲಿ ಕರಗಿ ಹೊರಗೆ ಹೋಗುತ್ತದೆ. ಸೊಪ್ಪನ್ನು ಬೇಯಿಸಿ ಬಸಿದ ನೀರನ್ನು ಚೆಲ್ಲುವವರು ಅದರ ಒಂದು ಪಾಲನ್ನು ಚೆಲ್ಲಿಬಿಡುತ್ತಾರೆ. ಹಳೆಯ ಮೈಸೂರಿನ ಕಡೆಯ ಬಸ್ಸಾರಿನಲ್ಲಿ ಬಸಿದ ಕಟ್ಟೇ ಸಾರಾಗುತ್ತದೆ, ಸೊಪ್ಪು ಪಲ್ಯವಾಗುತ್ತದೆ, ಏನೂ ದಂಡವಾಗುವುದಿಲ್ಲ. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಅದನ್ನು ಕಂಡುಕೊಂಡದ್ದು ಜೀವಸತ್ತ್ವಗಳ ವಿಚಾರ ಓದಿ ಅಲ್ಲ, ಇದ್ದುದನ್ನು ಪೋಲು ಮಾಡಬಾರದೆಂಬ ಬಡತನದ ವಿವೇಕದಿಂದ. ಆದರೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಪ್ರಯೋಗಾಲಯದಲ್ಲಿ ತಯಾರಾದ ಫೋಲಿಕ್ ಆಮ್ಲ ಸೊಪ್ಪಿನ ಸಹಜ ಅಂಶಕ್ಕಿಂತ ಗಟ್ಟಿ. ಬೇಗ ಕೆಡುವುದಿಲ್ಲ, ಕರುಳು ಅದನ್ನು ಹೆಚ್ಚು ಸುಲಭವಾಗಿ ಹೀರಿಕೊಳ್ಳುತ್ತದೆ. ಸಹಜವಾದುದೆಲ್ಲ ಶ್ರೇಷ್ಠ, ಗುಳಿಗೆಯೆಲ್ಲ ಕೃತಕ ಎಂಬ ಹಗುರ ಮಾತಿಗೆ ಈ ಕಥೆಯಲ್ಲಿ ಎಡೆಯಿಲ್ಲ. ಗರ್ಭಿಣಿಗೆ ಗುಳಿಗೆ ಬೇಕು. ಅದನ್ನು ಬೇಡವೆನ್ನುವುದು ಅವಿವೇಕ.

ಆದರೆ ಗುಳಿಗೆಯೇ ಸಾಕೆನ್ನುವುದೂ ಅಷ್ಟೇ ಅವಿವೇಕ. ಮಾರ್ಮೈಟ್ ಕೊಟ್ಟು ಕಾಯಿಲೆ ವಾಸಿ ಮಾಡಿದ ಆ ವೈದ್ಯೆ ತನ್ನ ಸಮೀಕ್ಷೆಯಲ್ಲಿ ಬರೆದಿಟ್ಟದ್ದು ಬಡತನದ ವಿವರವನ್ನು. ಆ ವಿವರವನ್ನು ಅಂದಿನ ಸರಕಾರ ಓದಿ ಬದಿಗಿಟ್ಟಿರಬಹುದು. ಗುಳಿಗೆಯನ್ನು ಮಾತ್ರ ಲೋಕ ಎತ್ತಿಕೊಂಡಿತು. ಹಸಿವನ್ನು ನೀಗುವುದಕ್ಕಿಂತ ಮಾತ್ರೆ ಹಂಚುವುದು ಯಾವ ಕಾಲದಲ್ಲೂ ಅಗ್ಗ. ಇಂದು ಉಳ್ಳವರು ತಮ್ಮ ತುಂಬಿದ ತಟ್ಟೆಯ ಪಕ್ಕದಲ್ಲಿ ಗುಳಿಗೆಗಳನ್ನು ಸಾಲಾಗಿ ಇಟ್ಟುಕೊಳ್ಳುತ್ತಿದ್ದಾರೆ. ಯಾರ ಸಲುವಾಗಿ ಈ ವಿದ್ಯೆ ಹುಟ್ಟಿತೋ ಅವರಲ್ಲಿ ಅರ್ಧ ಮಂದಿ ಇನ್ನೂ ಬಿಳಿಚಿಕೊಂಡೇ ಇದ್ದಾರೆ. ಫೋಲಿಕ್ ಆಮ್ಲಕ್ಕೆ ಎಲೆಯ ಹೆಸರು ಉಳಿದುಕೊಂಡಿದೆ. ಆ ಮಾತ್ರೆಯನ್ನು ಕೈಗಿಡುವ ಮೊದಲು, ಈ ಹೊತ್ತು ಏನು ಉಂಡೆ ತಾಯಿ ಎಂದು ಆ ಹೆಣ್ಣುಮಗಳನ್ನು ಕೇಳುವ ಕೆಲಸ, ೧೯೩೦ರಲ್ಲಿ ಇದ್ದಂತೆ, ನಮ್ಮ ಪಾಲಿಗೆ ಈಗಲೂ ಉಳಿದಿದೆ.